ಹಲಗಯ್ಯನ ಮಂಡಿ

"ಗುರುಗಳೇ, ಭಾರ ಹೊತ್ತು ಹತ್ತುವಾಗ ಬಾರದ ನೋವು ಇಳಿದು ಬಂದ ಮೇಲೆ ಯಾಕೆ ಬರುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಗರಡಿಗೆ ಹೊಸಬ. ಎರಡು ದಿನದ ಹಿಂದೆ ಗುರುಗಳು ಅವನ ಹೆಗಲಿಗೆ ಮರಳಿನ ಚೀಲ ಹೊರಿಸಿ ಊರ ಹೊರಗಿನ ಗುಡ್ಡವನ್ನು ಹತ್ತಿಸಿ ಇಳಿಸಿದ್ದರು. ಹತ್ತುವಾಗ ಉಸಿರು ಕಟ್ಟಿತ್ತು. ಇಳಿಯುವಾಗ ಉಸಿರು ಸಲೀಸಾಗಿತ್ತು. ಹಾಡು ಗುನುಗಿಕೊಂಡೇ ಬಂದಿದ್ದ. ಈಗ ನೋಡಿದರೆ ನಿಂತವನಿಗೆ ಕೂರಲು ಆಗದು, ಕೂತವನಿಗೆ ಏಳಲು ಆಗದು. ಬೆಳಿಗ್ಗೆ ಗರಡಿಯ ಮೂರೇ ಮೆಟ್ಟಿಲನ್ನು ಗೋಡೆ ಹಿಡಿದು ಇಳಿದಿದ್ದನ್ನು ಕಂಡು ಉಳಿದವರು ನಕ್ಕಿದ್ದರು. ಆ ನಗು ಅವನಿಗೆ ನೋವಿಗಿಂತ ಹೆಚ್ಚು ನಾಟಿತ್ತು.

ಗುರುಗಳು ಅವನನ್ನು ಎದ್ದು ನಿಲ್ಲಲು ಹೇಳಿದರು. ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಕೂರು ಎಂದರು. ಅವನು ಹಲ್ಲು ಕಚ್ಚಿ ಕೂತ. ಕೈಗೆ ಏನು ತಿಳಿಯಿತು ಎಂದು ಕೇಳಿದರು. ಮಂಡಿ ಬಗ್ಗುತ್ತಿತ್ತು, ತೊಡೆ ಮಾತ್ರ ಕಲ್ಲಾಗಿತ್ತು ಎಂದ.

"ಮಾಂಸವೆಂದರೆ ಎಳೆಗಳ ಕಟ್ಟು," ಎಂದರು ಗುರುಗಳು. "ಹತ್ತುವಾಗ ಎಳೆ ಕುಗ್ಗಿ ಕೀಲನ್ನು ತನ್ನತ್ತ ಎಳೆಯುತ್ತದೆ. ಇಳಿಯುವಾಗ ಭಾರವು ಕೀಲನ್ನು ಬಗ್ಗಿಸಿ ಎಳೆಯನ್ನು ಹಿಗ್ಗಿಸಲು ನೋಡುತ್ತದೆ. ಎಳೆ ಬಿಟ್ಟುಕೊಡುವುದಿಲ್ಲ. ಮಾಂಸವನ್ನು ಎಲುಬಿಗೆ ಕಟ್ಟುವ ಬಿಳಿಯ ಹುರಿಯೊಂದಿದೆ. ಮೊದಲು ಆ ಹುರಿ ಹಿಗ್ಗಿ ಜಗ್ಗಾಟವನ್ನು ತಾನು ತೆಗೆದುಕೊಳ್ಳುತ್ತದೆ. ಮಂಡಿ ಆಗಲೇ ಬಗ್ಗಿರುತ್ತದೆ, ಎಳೆ ಇದ್ದಲ್ಲೇ ಇರುತ್ತದೆ. ಭಾರ ಇನ್ನೂ ಮೀರಿದರೆ ಎಳೆಯೂ ಇಷ್ಟಿಷ್ಟಾಗಿ ಉದ್ದವಾಗುತ್ತದೆ. ಉದ್ದವಾಗುತ್ತಲೇ ಹಿಡಿದಿರುತ್ತದೆ. ಎತ್ತುವಾಗ ಅದಕ್ಕೆ ಇರದ ಬಲ ಹಾಗೆ ಹಿಡಿಯುವಾಗ ಬರುತ್ತದೆ. ಒಳಗೆ ಕೆಲವು ಎಳೆ ಹರಿಯುವುದೂ ಆಗಲೇ. ನಿನ್ನ ನೋವು ಅದರದು."

ಶಿಷ್ಯನಿಗೆ ಅರ್ಥವಾದಂತೆ ತೋರಿ ಅರ್ಥವಾಗಲಿಲ್ಲ. ಬಗ್ಗಿದ್ದು ಹಿಡಿದದ್ದು ಹೇಗಾದೀತು ಎಂದ. ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಬೆಟ್ಟ. ಬೆಟ್ಟದ ತಲೆಯ ಮೇಲೆ ಗುಡಿ. ಗುಡಿಗೆ ಆರುನೂರ ನಲವತ್ತು ಕಲ್ಲಿನ ಮೆಟ್ಟಿಲು. ನಡೆಯಲಾರದವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತು ಹತ್ತಿಸುವ, ಹೊತ್ತು ಇಳಿಸುವ ಜನ ಬೆಟ್ಟದ ಬುಡದಲ್ಲಿದ್ದರು. ಒಂದು ಉದ್ದದ ಬೊಂಬು, ಅದಕ್ಕೆ ತೂಗುಹಾಕಿದ ಬೆತ್ತದ ಪೀಠ, ಮುಂದೊಬ್ಬ, ಹಿಂದೊಬ್ಬ. ಅವರಿಗೆಲ್ಲ ಒಬ್ಬ ಯಜಮಾನನಿದ್ದ. ಯಾರ ಜೊತೆ ಯಾರು, ಯಾವ ಬೊಂಬು ಯಾರಿಗೆ ಎಂಬುದು ಅವನ ಮಾತು. ಅವರಲ್ಲಿ ಒಂದೇ ಒಂದು ಕಟ್ಟಳೆಯಿತ್ತು: ಮೆಟ್ಟಿಲಿನ ಮೇಲೆ ಜನವನ್ನು ಕೆಡವಿದವನು ಮತ್ತೆ ಬೊಂಬು ಮುಟ್ಟಕೂಡದು.

ಅಲ್ಲಿ ಕಾಳಿಂಗ ಎಂಬವನೊಬ್ಬನಿದ್ದ. ಇಪ್ಪತ್ತೈದರ ಪ್ರಾಯ. ಅವನಷ್ಟು ಬೇಗ ಬೆಟ್ಟ ಹತ್ತುವವರು ಇರಲಿಲ್ಲ. ಉಳಿದವರು ಅರ್ಧದಾರಿಯ ಮಂಟಪದಲ್ಲಿ ಡೋಲಿ ಇಳಿಸಿ ನೀರು ಕುಡಿಯುತ್ತಿದ್ದರೆ ಅವನು ನಿಲ್ಲದೆ ದಾಟಿಹೋಗುತ್ತಿದ್ದ. ಯಾತ್ರಿಕರು ಅವನ ಹೆಸರು ಕೇಳಿಕೊಂಡು ಬರುತ್ತಿದ್ದರು. ಅದು ಅವನಿಗೆ ತಿಳಿದಿತ್ತು. ತಿಳಿದಿದೆ ಎಂಬುದು ಅವನ ನಡಿಗೆಯಲ್ಲಿ ಕಾಣುತ್ತಿತ್ತು.

ಅವನ ಜೊತೆಗಾರ ಹಲಗಯ್ಯ. ಕಾಳಿಂಗ ಅವನನ್ನು ಮಾವ ಎಂದು ಕರೆಯುತ್ತಿದ್ದ. ಐವತ್ತು ದಾಟಿದವನು, ಇಪ್ಪತ್ತಾರು ವರ್ಷದಿಂದ ಬೊಂಬು ಹೊತ್ತವನು. ಹತ್ತುವಾಗ ಕಾಳಿಂಗನ ವೇಗಕ್ಕೆ ಹೇಗೋ ಹೊಂದಿಕೊಳ್ಳುತ್ತಿದ್ದ. ಇಳಿಯುವಾಗ ಮಾತ್ರ ತಾನೇ ಮುಂದೆ ನಿಲ್ಲುತ್ತಿದ್ದ, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಇಳಿಯುವಾಗ ಭಾರವೆಲ್ಲ ಮುಂದಿನವನ ಮೇಲೆ ಬೀಳುತ್ತದೆ. ಪ್ರತಿ ಮೆಟ್ಟಿಲಿಗೂ ಮಂಡಿ ಬಗ್ಗಿಸಿ, ಕೂತುಬಿಡುವವನಂತೆ ತಗ್ಗಿ, ಒಂದೊಂದೇ ಹೆಜ್ಜೆಯನ್ನು ಕೆಳಗಿಡುತ್ತಿದ್ದ. ಡೋಲಿ ಅಲುಗುತ್ತಿರಲಿಲ್ಲ. ಕೂತವರು ನಿದ್ದೆ ಹೋದದ್ದೂ ಉಂಟು.

ಹಿಂದಿನಿಂದ ಕಾಳಿಂಗನಿಗೆ ಕಾಣುತ್ತಿದ್ದದ್ದು ಆ ಬಗ್ಗುವ ಮಂಡಿ ಮಾತ್ರ. ವಯಸ್ಸಾಯಿತು, ಕಾಲು ಸೋತಿದೆ, ಹೇಳಿಕೊಳ್ಳಲು ನಾಚಿಕೆ ಎಂದು ಅವನು ಲೆಕ್ಕ ಹಾಕಿದ್ದ. ಬೊಂಬು ಇಳಿಸಿ ಕೂತಾಗ ಕಾಳಿಂಗ ಹಲಗಯ್ಯನ ಇಳಿಯುವ ಪರಿಯನ್ನು ಮಾಡಿ ತೋರಿಸಿ ಉಳಿದವರನ್ನು ನಗಿಸುತ್ತಿದ್ದ. ಹಲಗಯ್ಯನೂ ನೋಡಿ ನಗುತ್ತಿದ್ದ.

ಒಂದು ದಿನ ದೂರದ ಊರಿನ ಒಬ್ಬ ಸೂಲಗಿತ್ತಿ ಬೆಟ್ಟಕ್ಕೆ ಬಂದಳು. ಎಪ್ಪತ್ತು ವರ್ಷದ ಮುದುಕಿ. ಜೊತೆಗೆ ಅಳಿಯನಿದ್ದ. ಕಾಳಿಂಗ, ಹಲಗಯ್ಯ ಇಬ್ಬರೂ ಅವಳನ್ನು ಹತ್ತಿಸಿದರು, ದರ್ಶನವಾಯಿತು. ಇಳಿಯುವ ಹೊತ್ತಿಗೆ ಗುಡಿಯ ಬಾಗಿಲಲ್ಲಿ ನಾಲ್ಕಾರು ಡೋಲಿಯವರು ಸೇರಿದ್ದರು. ಅವರೆದುರಿಗೆ ಕಾಳಿಂಗ ಮುಂದಿನ ತುದಿಗೆ ಹೋಗಿ ನಿಂತ. ಇವತ್ತು ತಾನು ಮುಂದೆ, ಮಾವನ ಹಾಗೆ ಬಗ್ಗಿಕೊಂಡು ಹೋದರೆ ಬುಡ ಮುಟ್ಟುವಾಗ ಮುದುಕಿಗೆ ಇನ್ನೊಂದು ವರ್ಷ ವಯಸ್ಸಾಗಿರುತ್ತದೆ ಎಂದ. ಎಲ್ಲರೂ ನಕ್ಕರು. ಹಲಗಯ್ಯ, ಕಾಲು ನೆಟ್ಟಗೆ ಇಡಬೇಡ, ಬಗ್ಗಿಸಿ ಇಳಿ ಎಂದಷ್ಟೇ ಹೇಳಿ ಹಿಂದೆ ಹೋದ.

ಕಾಳಿಂಗ ಬಗ್ಗಿಸಲಿಲ್ಲ. ನೋಡುವವರು ಇನ್ನೂ ನೋಡುತ್ತಿದ್ದರು. ಕಾಲನ್ನು ಕಂಬದ ಹಾಗೆ ಇಟ್ಟು ದಡದಡನೆ ಇಳಿದ. ಮೊದಲ ನೂರು ಮೆಟ್ಟಿಲು ಸುಖವಾಗಿತ್ತು. ಇಷ್ಟಕ್ಕೆ ಇಪ್ಪತ್ತಾರು ವರ್ಷದ ಹೆಸರೇ ಎಂದು ಅವನಿಗೆ ಅನ್ನಿಸಿತು. ಇನ್ನೂರರ ಹತ್ತಿರ ತೊಡೆಯೊಳಗೆ ಏನೋ ನಡುಗತೊಡಗಿತು. ಉಸಿರು ಚೆನ್ನಾಗಿಯೇ ಇತ್ತು, ಆದ್ದರಿಂದ ಅವನು ನಡುಕವನ್ನು ನಂಬಲಿಲ್ಲ. ಮಂಟಪ ಬಂತು. ಇಳಿಸೋಣವೇ ಎಂದು ಹಲಗಯ್ಯ ಹಿಂದಿನಿಂದ ಕೇಳಿದ. ಬೇಡ ಎಂದ.

ಮಂಟಪದ ಕೆಳಗೆ ಮೆಟ್ಟಿಲು ಎತ್ತರ. ಅಲ್ಲಿ ಕಾಲು ನೆಟ್ಟಗಿಟ್ಟು ಇಳಿಯಲು ಬರುವುದಿಲ್ಲ. ಕಾಳಿಂಗ ಮೊದಲ ಸಲ ಮಂಡಿ ಬಗ್ಗಿಸಿದ. ಬಗ್ಗಿದ ಮಂಡಿಯಲ್ಲಿ ಹಿಡಿತವೇ ಇರಲಿಲ್ಲ. ಹೆಗಲ ಮೇಲಿನ ಬೊಂಬು ಅವನನ್ನು ಮುಂದಕ್ಕೆ ನೂಕಿತು. ಕೆಳಗೆ ಮುನ್ನೂರು ಮೆಟ್ಟಿಲು ಬಾಯಿ ತೆರೆದಂತೆ ಕಂಡವು. ಆ ಕ್ಷಣದಲ್ಲಿ ಅವನು ಮಾಡಿದ್ದು ಒಂದೇ. ಹೆಗಲನ್ನು ಬೊಂಬಿನಿಂದ ತಪ್ಪಿಸಿ ಪಕ್ಕಕ್ಕೆ ಹಾರಿದ.

ಬೊಂಬಿನ ತುದಿ ಕಲ್ಲಿಗೆ ಬಡಿಯಿತು. ಮುದುಕಿಯ ಕೂಗು ಕೇಳಿತು. ಕಾಳಿಂಗ ಕೈಗೋಡೆಗೆ ಒರಗಿ ತಿರುಗಿ ನೋಡಿದಾಗ ಡೋಲಿ ಎರಡು ಮೆಟ್ಟಿಲು ಜಾರಿ ನಿಂತಿತ್ತು. ಹಲಗಯ್ಯ ಎರಡು ತೋಳಿನಿಂದ ಬೊಂಬನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ವಾಲಿದ್ದ. ಅವನ ಮಂಡಿಗಳು ನೆಲ ಮುಟ್ಟುವಷ್ಟು ಬಗ್ಗಿದ್ದವು. ಡೋಲಿ ಇನ್ನೂ ಜಾರಲು ನೋಡುತ್ತಿತ್ತು, ಅವನು ಅದಕ್ಕೆ ಅಂಗುಲ ಅಂಗುಲವಾಗಿ ಮಾತ್ರ ಬಿಟ್ಟುಕೊಡುತ್ತಿದ್ದ. ಪೀಠ ಮೆಟ್ಟಿಲಿಗೆ ತಾಗಿ ಪೂರ್ತಿ ನಿಲ್ಲುವ ಹೊತ್ತಿಗೆ ಅವನ ಬಲಗಾಲಿನಿಂದ ಹಗ್ಗ ಕಡಿದಂಥ ಸದ್ದು ಬಂತು. ಅವನು ಅಲ್ಲೇ ಕುಸಿದ.

ಮುದುಕಿಗೆ ಮೊಣಕೈ ತರಚಿತ್ತು, ಅಷ್ಟೇ. ದೂರ ಹಿಂದೆ ಉಳಿದಿದ್ದ ಅಳಿಯ ಕೂಗಿಗೆ ಓಡಿ ಬಂದು ಅವಳನ್ನು ಎತ್ತಿಕೊಂಡು ಕೆಳಗೆ ಹೋದ. ಸದ್ದು ಕೇಳಿ ಯಜಮಾನ ನಾಲ್ಕು ಜನರೊಡನೆ ಹತ್ತಿ ಬಂದ. ಡೋಲಿ ಯಾರ ಕೈಯಿಂದ ಬಿತ್ತು ಎಂದು ಕೇಳಿದ.

"ಮಾವನ ಮಂಡಿ ಬಿಟ್ಟಿತು," ಎಂದ ಕಾಳಿಂಗ.

ಹೇಳಬೇಕೆಂದು ಹೇಳಿದ್ದಲ್ಲ. ಪಕ್ಕಕ್ಕೆ ಹಾರಿದ ಹಾಗೆಯೇ ಆ ಮಾತೂ ಹಾರಿಬಂತು. ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಯಜಮಾನ ಸುಮ್ಮನಿದ್ದ. ಕಾಳಿಂಗ ತೆಗೆದುಕೊಳ್ಳಲಿಲ್ಲ.

ಯಜಮಾನ ಹಲಗಯ್ಯನ ಕಡೆ ತಿರುಗಿದ. ಹಲಗಯ್ಯ ಕಾಳಿಂಗನ ಮುಖವನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಕಾಳಿಂಗನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೌದು," ಎಂದ ಹಲಗಯ್ಯ. "ನನ್ನದೇ ಮಂಡಿ."

ಯಾರೂ ಅನುಮಾನ ಪಡಲಿಲ್ಲ. ಆ ಮಂಡಿ ಬಗ್ಗುವುದನ್ನು ಎಲ್ಲರೂ ದಿನಾ ನೋಡಿದ್ದರು, ನೋಡಿ ನಕ್ಕಿದ್ದರು. ಎಲುಬು ಕಟ್ಟುವ ವೈದ್ಯ ಬಂದು ಮುಟ್ಟಿ ನೋಡಿದ. ಮಂಡಿಚಿಪ್ಪಿನ ಮೇಲೆ ಬೆರಳು ಹೋಗುವಷ್ಟು ಹಳ್ಳ ಬಿದ್ದಿತ್ತು. ತೊಡೆಯ ಮಾಂಸ ಬಿಟ್ಟಿಲ್ಲ, ಅದು ಬಿಡದೆ ಹಿಡಿದದ್ದಕ್ಕೆ ಹುರಿ ಕಿತ್ತುಬಂದಿದೆ, ಇನ್ನು ಈ ಕಾಲು ಮೆಟ್ಟಿಲು ಇಳಿಯುವ ಕಾಲಲ್ಲ ಎಂದ. ಅವನು ಹೇಳಿದ್ದರಲ್ಲಿ ಕೊನೆಯದನ್ನು ಮಾತ್ರ ಜನ ಕೇಳಿಸಿಕೊಂಡರು. ಕಾಳಿಂಗ ಮೊದಲನೆಯದನ್ನೂ ಕೇಳಿಸಿಕೊಂಡ.

ಬಿದ್ದವರನ್ನು ಅವರ ಮನೆ ಮುಟ್ಟಿಸುವುದು ಡೋಲಿಯವರ ಪದ್ಧತಿ. ಆ ಸಂಜೆ ಯಜಮಾನ ಕಾಳಿಂಗನನ್ನೇ ಗಾಡಿಯಲ್ಲಿ ಸೂಲಗಿತ್ತಿಯ ಜೊತೆ ಕಳಿಸಿದ. ಅಳಿಯ ಗಾಡಿ ಹೊಡೆಯುತ್ತಿದ್ದ. ಬಹಳ ದೂರ ಹೋದ ಮೇಲೆ ಮುದುಕಿ ಹಲಗಯ್ಯನ ಕಾಲು ಹೇಗಿದೆ ಎಂದು ಕೇಳಿದಳು. ಇಳಿಯುವಾಗ ಕೆಳಗಿನ ಆಳ ಕಂಡು ಹೆದರಬಾರದೆಂದು ಕೂತವರ ಮುಖವನ್ನು ಬೆಟ್ಟದ ಕಡೆಗೆ ಮಾಡಿ ಕೂರಿಸುತ್ತಾರೆ. ಹಾಗಾಗಿ ದಾರಿಯುದ್ದಕ್ಕೂ ಅವಳು ನೋಡಿದ್ದು ಹಲಗಯ್ಯನ ಮುಖವನ್ನು. ಕಾಳಿಂಗ ಇದ್ದದ್ದು ಅವಳ ಬೆನ್ನ ಕಡೆ.

"ನಾನು ಐವತ್ತು ವರ್ಷ ಹೆರಿಗೆ ಮಾಡಿಸಿದವಳು," ಎಂದಳು ಮುದುಕಿ. "ಕೈಬಿಡುವವರ ಮುಖ ಬೇರೆ, ಹಿಡಿಯುವವರ ಮುಖ ಬೇರೆ. ಆ ಮುಖ ಬಿಡುವ ಮುಖ ಅಲ್ಲ ಕಣಪ್ಪ."

ಹಲಗಯ್ಯನ ಮಂಡಿ ಸೋತಿತ್ತು ಎಂದ ಕಾಳಿಂಗ. ಎರಡನೆಯ ಸಲ ಹೇಳುವಾಗ ಆ ಮಾತು ಮೊದಲಿನಷ್ಟು ಕಷ್ಟವಾಗಲಿಲ್ಲ. ಅದನ್ನು ಅವನು ಆಮೇಲೆ ಬಹಳ ಸಲ ನೆನೆದ.

"ಹಾಗೋ," ಎಂದಳು ಮುದುಕಿ. "ಮೊದಲು ಕೆಳಗೆ ಹೋದದ್ದು ನನ್ನ ಬೆನ್ನು."

ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು ರಸ್ತೆಯ ಕಡೆ ತಿರುಗಿ ಕೂತಳು. ಊರು ಬಂದಾಗ ಅಳಿಯ ಊಟ ಮಾಡಿಕೊಂಡು ಹೋಗು ಎಂದ. ಕಾಳಿಂಗ ನೀರನ್ನೂ ಕುಡಿಯದೆ ನಡೆದು ಬಂದ.

ಮರುದಿನ ಅವನ ತೊಡೆ ಹಿಡಿದುಕೊಂಡಿತು. ಅದರ ಮರುದಿನ ಇನ್ನೂ ಹೆಚ್ಚಾಯಿತು. ಒಂದು ದಿನದ ಅರ್ಧ ಬೆಟ್ಟಕ್ಕೆ ಅವನ ಕಾಲು ಹೀಗಾಗಿತ್ತು. ಇಪ್ಪತ್ತಾರು ವರ್ಷ, ದಿನಕ್ಕೆ ಮೂರು ನಾಲ್ಕು ಸಲ, ಆರುನೂರ ನಲವತ್ತು ಮೆಟ್ಟಿಲು. ಅವನು ಚಾಪೆಯ ಮೇಲೆ ಬಿದ್ದುಕೊಂಡು ಅದನ್ನು ಎಣಿಸಲು ಹೋಗಿ ನಡುವೆಯೇ ನಿಲ್ಲಿಸಿದ. ಹಲಗಯ್ಯನಂತೆ ಇಳಿದು ತೋರಿಸಿ ತಾನು ನಗಿಸಿದ್ದು ನೆನಪಾಗಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮುಖ ಮುಚ್ಚಿಕೊಂಡ.

ಯಜಮಾನ ಹಲಗಯ್ಯನ ಬೊಂಬನ್ನು ತೆಗೆದುಕೊಂಡ. ಕಾಳಿಂಗನಿಗೆ ಬೇರೆ ಜೊತೆಗಾರ ಬಂದ. ಹಲಗಯ್ಯ ನಾಲ್ಕು ತಿಂಗಳು ಮಲಗಿದ್ದು, ಆಮೇಲೆ ಕೋಲೂರಿ ಎದ್ದು, ಬೆಟ್ಟದ ಬುಡದಲ್ಲಿ ಕೂತು ಡೋಲಿಗೆ ಬೆತ್ತದ ಪೀಠ ಹೆಣೆಯತೊಡಗಿದ. ತಾನು ಇನ್ನು ಹೊರಲಾಗದ ಡೋಲಿಗಳಿಗೆ ಪೀಠ ಹೆಣೆದು ಕೊಡುತ್ತಿದ್ದ. ಯಾತ್ರಿಕರಲ್ಲಿ ಗೊತ್ತಿದ್ದವರು ಅವನ ಕಡೆ ಕೈ ತೋರಿಸಿ, ಮುದುಕಿಯನ್ನು ಕೆಡವಿದವನು ಅವನೇ ಎಂದು ಜೊತೆಯವರಿಗೆ ಹೇಳುತ್ತಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. ಡೋಲಿಯವರ ಬಾಯಲ್ಲಿ ಒಂದು ಮಾತು ಹುಟ್ಟಿತು. ಕಾಲು ಅಲ್ಲಾಡುವ ಮಣೆಗೆ ಹಲಗಯ್ಯನ ಮಂಡಿ ಎಂದರು. ಗೂಟ ಸಡಿಲವಾದ ಬಾಗಿಲಿಗೂ ಹಲಗಯ್ಯನ ಮಂಡಿ, ಕೊಟ್ಟ ಮಾತಿಗೆ ತಪ್ಪಿದವನಿಗೂ ಹಲಗಯ್ಯನ ಮಂಡಿ. ಮೊದಲ ಸಲ ಅದನ್ನು ಕೇಳಿದಾಗ ಎಲ್ಲರೂ ನಕ್ಕರು. ಕಾಳಿಂಗನೂ ನಕ್ಕ. ನಗದಿದ್ದರೆ ಯಾಕೆ ಎಂದು ಕೇಳುತ್ತಾರೇನೋ ಎಂಬ ಭಯಕ್ಕೆ ನಕ್ಕ. ಬುಡದಲ್ಲಿ ಕೂತು ಬೆತ್ತ ಸೀಳುತ್ತಿದ್ದ ಹಲಗಯ್ಯ ಅದು ಕೇಳಿಸುವಷ್ಟು ಹತ್ತಿರದಲ್ಲಿದ್ದ.

ಕಾಳಿಂಗ ಅವನ ಮನೆಗೆ ಹೋಗಿಬರತೊಡಗಿದ. ರಾಗಿ ಒಯ್ದು ಕೊಡುತ್ತಿದ್ದ, ಸೌದೆ ಒಡೆದು ಹಾಕುತ್ತಿದ್ದ. ಹಲಗಯ್ಯನ ಹೆಂಡತಿ ಕೆಂಚಮ್ಮನಿಗೆ ಅವನನ್ನು ಎಷ್ಟು ಹೊಗಳಿದರೂ ಸಾಕಾಗುತ್ತಿರಲಿಲ್ಲ. ಗಂಡ ಊರಿಗೆಲ್ಲ ನಗೆಪಾಟಲಾದ, ನೆಂಟರು ಕೂಡ ಬರುವುದನ್ನು ಬಿಟ್ಟರು, ನೀನೊಬ್ಬ ಕೈ ಬಿಡಲಿಲ್ಲ ಎಂದು ಅವಳು ಹೇಳುವಾಗ ಕಾಳಿಂಗ ನೆಲ ನೋಡುತ್ತಿದ್ದ. ಅವಳಿಗೂ ಹಲಗಯ್ಯ ನಿಜ ಹೇಳಿಲ್ಲ ಎಂಬುದು ಹಾಗೆ ಅವನಿಗೆ ತಿಳಿಯಿತು.

ಒಂದು ದಿನ ಕೆಂಚಮ್ಮ ಇಲ್ಲದ ಹೊತ್ತು ನೋಡಿ ಅವನು ಬಾಯಿ ತೆರೆದ.

"ಮಾವ, ಆವತ್ತು ನಾನು—"

"ಇಳಿಯುವಾಗ ಯಾವ ಕಾಲಿಗೆ ಭಾರ ಕೊಡ್ತೀಯ?" ಎಂದು ಹಲಗಯ್ಯ ನಡುವೆ ಕೇಳಿದ.

ಕಾಳಿಂಗ ಕೆಳಗೆ ಇಡುವ ಕಾಲಿಗೆ ಎಂದ.

"ಅದೇ ತಪ್ಪು. ಮೇಲಿನ ಕಾಲಲ್ಲಿ ಭಾರ ಇರಲಿ. ಕೆಳಗಿನ ಕಾಲು ಕಲ್ಲು ಮುಟ್ಟಿ, ಇನ್ನು ಕೊಡು ಅಂತ ಕೇಳೋವರೆಗೆ ಮೇಲಿನದು ಬಿಡಬಾರದು. ಕೇಳಿದ ಮೇಲೂ ಒಂದೇ ಸಲ ಕೊಡಬಾರದು."

ಅಂದಿನಿಂದ ಹಲಗಯ್ಯ ಅವನಿಗೆ ಇಳಿಯುವುದನ್ನು ಹೇಳಿಕೊಟ್ಟ. ಆ ದಿನದ ಮಾತನ್ನು ಎತ್ತಲು ಕಾಳಿಂಗ ಇನ್ನೂ ಎರಡು ಸಲ ನೋಡಿದ. ಎರಡು ಸಲವೂ ಹಲಗಯ್ಯ ಅವನ ಹೆಜ್ಜೆಯ ತಪ್ಪನ್ನು ಎತ್ತಿದ. ಆಮೇಲೆ ಕಾಳಿಂಗ ಮತ್ತೆ ಪ್ರಯತ್ನಿಸಲಿಲ್ಲ. ಹೇಳಲು ಬಿಡುತ್ತಿಲ್ಲ ಎಂಬುದು ಅವನಿಗೆ ಒಂದು ನೆಪವಾಯಿತು. ಅದು ನೆಪವೆಂಬುದೂ ಅವನಿಗೆ ಗೊತ್ತಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಕಾಳಿಂಗ ಮುಂದಿನ ಬೊಂಬು ಹೊರುವ ಒಳ್ಳೆಯ ಆಳಾದ. ಹಲಗಯ್ಯ ಕಲಿಸಿದಂತೆಯೇ ಇಳಿಯುತ್ತಿದ್ದ, ಆದರೆ ನೋಡುವವರಿಗೆ ಮಂಡಿ ಬಗ್ಗಿದ್ದು ಕಾಣಬಾರದೆಂದು ಉದ್ದನೆಯ ಪಂಚೆ ಉಡುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಹೊಸಬರನ್ನು ಸೇರಿಸಿಕೊಳ್ಳುವ ದಿನ ಬಂತು. ಡೋಲಿಯಲ್ಲಿ ಜನದ ಬದಲು ಕಲ್ಲು ಹೇರಿ, ಅದರ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು, ಅರ್ಧದಾರಿಯ ಮಂಟಪದಿಂದ ಬುಡದವರೆಗೆ ಇಳಿಸಿ ತೋರಿಸಬೇಕು. ಯಜಮಾನ ಕೆಳಗೆ ನಿಂತು ನೋಡುತ್ತಿದ್ದ. ಡೋಲಿಯವರೆಲ್ಲ ಸೇರಿದ್ದರು. ಒಬ್ಬ ಬಡಕಲು ಆಳು ಮುಂದೆ ನಿಂತು, ತಗ್ಗಿ ತಗ್ಗಿ, ನಿಧಾನವಾಗಿ ಇಳಿದು ಬಂದ. ತಂಬಿಗೆಯಿಂದ ಒಂದು ಹನಿ ಚೆಲ್ಲಿರಲಿಲ್ಲ. ಅವನಾದ ಮೇಲೆ ಇನ್ನೊಂದು ಡೋಲಿಯ ಮುಂದೆ ನಿಂತ ಒಬ್ಬ ದಾಂಡಿಗ ಕಾಲು ನೆಟ್ಟಗಿಟ್ಟುಕೊಂಡು ಧಡಧಡ ಇಳಿದು ಬಂದ. ಅವನ ತಂಬಿಗೆ ಮಂಟಪದ ಹತ್ತಿರವೇ ಉರುಳಿತ್ತು.

ಯಜಮಾನ ದಾಂಡಿಗನ ಬೆನ್ನು ತಟ್ಟಿದ. ಬಡಕಲಿನವನಿಗೆ ನೀನು ಬೇರೆ ಕೆಲಸ ನೋಡಿಕೋ, ಬಗ್ಗುವ ಮಂಡಿಯನ್ನು ನಂಬಿ ನಾವು ಒಮ್ಮೆ ಕೆಟ್ಟಿದ್ದೇವೆ ಎಂದ. ಯಾರೋ ಹಿಂದಿನಿಂದ ಹಲಗಯ್ಯನ ಮಂಡಿ ಎಂದರು. ನಗು ಎದ್ದಿತು. ಬಡಕಲಿನವನು ತಲೆ ತಗ್ಗಿಸಿ ಹೊರಟ.

ಕಾಳಿಂಗ ಆ ದಾಂಡಿಗನ ತೊಡೆಯನ್ನು ನೋಡುತ್ತಿದ್ದ. ಪಂಚೆಯ ಮೇಲೆಯೇ ನಡುಕ ಕಾಣುತ್ತಿತ್ತು. ನಾಳೆ ಆ ಬೊಂಬಿನ ಕೆಳಗೆ ಯಾರದೋ ತಾಯಿ ಕೂತಿರುತ್ತಾಳೆ, ಹಿಂದೆ ಹಲಗಯ್ಯ ಇರುವುದಿಲ್ಲ ಎಂದು ಅವನಿಗೆ ಹೊಳೆಯಿತು. ತಾನು ಹೇಳಿದ ಒಂದು ಮಾತು ಒಬ್ಬನ ಹೆಸರನ್ನು ತಿಂದು ಅಲ್ಲಿಗೇ ನಿಂತಿರಲಿಲ್ಲ. ಅದು ಈಗ ಆಳನ್ನು ಆರಿಸುತ್ತಿತ್ತು.

ಅವನು ಮುಂದೆ ಬಂದು ಯಜಮಾನನ ಎದುರು ನಿಂತ.

"ಆವತ್ತು ಬಿಟ್ಟ ಮಂಡಿ ನನ್ನದು," ಎಂದ. "ಬೊಂಬು ಬಿಟ್ಟು ಪಕ್ಕಕ್ಕೆ ಹಾರಿದವನು ನಾನು. ಹಲಗಯ್ಯ ಒಬ್ಬನೇ ಹಿಡಿದ. ಹಿಡಿದದ್ದಕ್ಕೇ ಅವನ ಕಾಲು ಹೋಯಿತು. ನಾನು ಸುಳ್ಳು ಹೇಳಿದೆ."

ನಗು ನಿಂತಿತು. ಯಜಮಾನ ಬುಡದಲ್ಲಿ ಬೆತ್ತ ಹಿಡಿದು ಕೂತಿದ್ದ ಹಲಗಯ್ಯನ ಕಡೆ ನೋಡಿದ. ಹಲಗಯ್ಯ ತಲೆ ಎತ್ತಲಿಲ್ಲ. ಅವನ ಕೈ ಮಾತ್ರ ನಿಂತಿತ್ತು. ಅದನ್ನು ನೋಡಿ ಯಜಮಾನನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವನು ಕಾಳಿಂಗನ ಹತ್ತಿರ ಬಂದು ಅವನ ಕೈಯಲ್ಲಿದ್ದ ಬೊಂಬನ್ನು ತೆಗೆದುಕೊಂಡ. ಬೈಯಲಿಲ್ಲ. ಹೊರಟುಹೋಗಿದ್ದ ಬಡಕಲಿನವನನ್ನು ಕರೆಸಿ ಅದನ್ನು ಅವನಿಗೆ ಕೊಟ್ಟ. ಆಮೇಲೆ ಹಲಗಯ್ಯನ ಮುಂದೆ ಹೋಗಿ, ತಲೆಯ ಮೇಲಿನ ವಲ್ಲಿಬಟ್ಟೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದ. ನಕ್ಕವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿದರು.

ಹೇಳಿದರೆ ಹಗುರಾಗುತ್ತದೆ ಎಂದು ಕಾಳಿಂಗ ಎರಡು ವರ್ಷ ಅಂದುಕೊಂಡಿದ್ದ. ಹಾಗೆ ಆಗಲಿಲ್ಲ. ಮುಚ್ಚಿಟ್ಟಿದ್ದಾಗ ನಾಚಿಕೆ ಅವನೊಬ್ಬನಿಗೆ ಕಾಣುತ್ತಿತ್ತು, ಈಗ ಎಲ್ಲರಿಗೂ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ.

ಸಂಜೆ ಅವನು ಹಲಗಯ್ಯನ ಮನೆಗೆ ಹೋದ. ಅಂಗಳದಲ್ಲೇ ನಿಂತ. ಹಲಗಯ್ಯ ಜಗಲಿಯ ಮೇಲೆ ಕೂತಿದ್ದವನು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ. ಅಷ್ಟರಲ್ಲಿ ಕೆಂಚಮ್ಮ ಒಳಗಿನಿಂದ ಬಂದಳು. ಕಾಳಿಂಗ ರಾಗಿ ತರುತ್ತಿದ್ದ ಕುಕ್ಕೆ ಅವಳ ಕೈಯಲ್ಲಿತ್ತು. ಅದನ್ನು ಚೆನ್ನಾಗಿ ಕೊಡವಿ, ಅವನ ಕಾಲ ಬಳಿ ಬೋರಲು ಹಾಕಿ, ಮುಖ ನೋಡದೆ ಒಳಗೆ ಹೋದಳು. ಹಲಗಯ್ಯ ಅವಳನ್ನು ಕರೆಯಲೂ ಇಲ್ಲ, ತಡೆಯಲೂ ಇಲ್ಲ. ಕಾಳಿಂಗ ಕುಕ್ಕೆ ಎತ್ತಿಕೊಂಡು ಹಿಂದಿರುಗಿದ.

ಅವನು ಊರು ಬಿಡಲಿಲ್ಲ. ಬಿಡಬೇಕೆಂದು ಎಷ್ಟೋ ಸಲ ಗಂಟು ಕಟ್ಟಿದ. ಬಿಟ್ಟರೆ ಇನ್ನೊಮ್ಮೆ ಪಕ್ಕಕ್ಕೆ ಹಾರಿದಂತಾಗುತ್ತದೆ ಎಂದು ಗಂಟು ಬಿಚ್ಚಿದ. ಗುಡಿಯವರು ಅವನಿಗೆ ನೀರು, ಅಕ್ಕಿ, ಎಣ್ಣೆ ಹೊತ್ತು ಮೇಲೆ ಮುಟ್ಟಿಸುವ ಕೆಲಸ ಕೊಟ್ಟರು. ಬರುವಾಗ ಬರಿಗೈ. ಹತ್ತುವ ಭಾರ ಮಾತ್ರ ಅವನ ಪಾಲಿಗೆ ಉಳಿಯಿತು. ಇಳಿಸುವ ಭಾರವನ್ನು ಯಾರೂ ಅವನಿಗೆ ಕೊಡಲಿಲ್ಲ. ಹೊಸಬರನ್ನು ಯಜಮಾನ ಹಲಗಯ್ಯನ ಬಳಿ ಕಳಿಸತೊಡಗಿದ. ಅವನು ಕೂತಲ್ಲಿಂದಲೇ ಅವರ ಹೆಜ್ಜೆ ತಿದ್ದುತ್ತಿದ್ದ. ಕಾಳಿಂಗ ನೀರಿನ ಕೊಡ ಹೊತ್ತು ಪಕ್ಕದಲ್ಲೇ ಹತ್ತಿಹೋಗುತ್ತಿದ್ದ.

ಹಲಗಯ್ಯನ ಮಂಡಿ ಎಂಬ ಮಾತು ಮಾತ್ರ ಸಾಯಲಿಲ್ಲ. ಡೋಲಿಯವರು ಆಡುವುದನ್ನು ಬಿಟ್ಟರು. ಆದರೆ ಅಷ್ಟರಲ್ಲಿ ಯಾತ್ರಿಕರ ಬಾಯಿ ಹತ್ತಿ ಅದು ಬೆಟ್ಟ ದಾಟಿತ್ತು. ಎಷ್ಟೋ ವರ್ಷದ ಮೇಲೆ ಕಾಳಿಂಗ ಎಣ್ಣೆ ತರಲು ದೂರದ ಒಂದು ಸಂತೆಗೆ ಹೋಗಿದ್ದಾಗ, ಒಬ್ಬ ಹೆಂಗಸು ಕಾಲು ಮುರಿದ ಮಣೆಯನ್ನು ಬಡಗಿಯ ಮುಂದಿಟ್ಟು, ಇದೊಂದು ಹಲಗಯ್ಯನ ಮಂಡಿ ಆಗಿದೆ, ಸರಿ ಮಾಡಿಕೊಡಪ್ಪ ಎಂದಳು. ಹಲಗಯ್ಯ ಯಾರು ಎಂದು ಕಾಳಿಂಗ ಅವಳನ್ನು ಕೇಳಿದ. ಯಾರೋ, ಮಾತು ಹಾಗಿದೆ ಎಂದಳು. ಕಾಳಿಂಗ ಅಲ್ಲೇ ನಿಂತು, ಬಡಗಿಗೂ ಆ ಹೆಂಗಸಿಗೂ ಮೊದಲಿನಿಂದ ಎಲ್ಲವನ್ನೂ ಹೇಳಿದ. ಅವರು ಕೇಳಿಸಿಕೊಂಡರು. ಮಣೆ ಸರಿಯಾದ ಮೇಲೆ ಅವಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತನ್ನ ತೊಡೆಯ ಮೇಲಿನ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಕಾಳಿಂಗನ ಬಗ್ಗೆ ಅವನಿಗೆ ಕೇಳಬೇಕಾದ್ದು ಏನೂ ಇರಲಿಲ್ಲ. ಆ ನಾಚಿಕೆ ಅವನಿಗೆ ಅರ್ಥವಾಗಿತ್ತು. ಅವನ ಮನಸ್ಸು ಬೇರೊಂದು ಕಡೆ ಸಿಕ್ಕಿಕೊಂಡಿತ್ತು.

"ಗುರುಗಳೇ, ಕಾಳಿಂಗ ಸುಳ್ಳು ಹೇಳಿದ, ಅದು ಇರಲಿ. ಹಲಗಯ್ಯ ಯಾಕೆ ಹೌದು ಎಂದ? ಒಂದು ಮಾತು ಅಲ್ಲ ಎಂದಿದ್ದರೆ ಸಾಕಿತ್ತು. ಹೆಂಡತಿಗೂ ಹೇಳದೆ ಎರಡು ವರ್ಷ ಆ ನಗುವಿನ ಕೆಳಗೆ ಬಗ್ಗಿಯೇ ಇದ್ದ. ಅಷ್ಟು ಗಟ್ಟಿ ಮನುಷ್ಯ, ಒಬ್ಬ ಹುಡುಗನ ಸುಳ್ಳಿಗೆ ಅಷ್ಟು ಸುಲಭವಾಗಿ ಸೋತುಬಿಟ್ಟನೇ?"

"ನೀನು ಇನ್ನೂ ಅವನ ಬಗ್ಗಿದ ಮಂಡಿಯನ್ನೇ ನೋಡುತ್ತಿದ್ದೀಯೆ, ಅವನು ಯಾರನ್ನು ಬೀಳದಂತೆ ಹಿಡಿದಿದ್ದ ಎಂಬುದನ್ನಲ್ಲ," ಎಂದರು ಗುರುಗಳು.